ಫೌಂಡೇಶನ್ ಅನುದಾನ ಬಂದರೆ ಚಿಕ್ಕ ದಾನಿಗಳು ಹಿಂದೆ ಸರಿಯುತ್ತಾರಾ?

ಪ್ರಶ್ನೆ: ನಮ್ಮ ಸೇವಾ ಸಂಸ್ಥೆಗೆ ದೊಡ್ಡ ಫೌಂಡೇಶನ್ ಒಂದು 3 ವರ್ಷದ ಅನುದಾನ ಮಂಜೂರು ಮಾಡಿದೆ. ಸುದ್ದಿ ಹೊರಬಿದ್ದರೆ "ಇವರಿಗಿನ್ನೇನು ಕಡಿಮೆ" ಅಂತ ಚಿಕ್ಕ ದಾನಿಗಳು ಕೈಬಿಡುತ್ತಾರೆ ಅನ್ನುವುದು ಸಮಿತಿಯ ಭಯ. ಪ್ರಕಟಿಸಬೇಕಾ, ಸುಮ್ಮನಿರಬೇಕಾ?

ಉತ್ತರ (ನಿಧಿ ಸಂಗ್ರಹ ಸಲಹೆಗಾರರು): ಖಂಡಿತ ಪ್ರಕಟಿಸಿ ಸರ್. ದೇಣಿಗೆ ಕುಸಿಯುವುದು ಹೆಚ್ಚಾಗಿ ದಾನಿಯ ಮನಸ್ಸು ತಿರುಗಿದ್ದರಿಂದಲ್ಲ, ಸಂಸ್ಥೆ ಕೇಳುವುದನ್ನೇ ಬಿಟ್ಟಿದ್ದರಿಂದ. ಅಮೆರಿಕದ ಸೇವಾ ಸಂಸ್ಥೆಗಳ ಲೆಕ್ಕಪತ್ರ ನೋಡಿ ಅರ್ಥಶಾಸ್ತ್ರಜ್ಞರಾದ ಆಂಡ್ರಿಯೋನಿ ಮತ್ತು ಪೇನ್ 2011ರಲ್ಲಿ ತೋರಿಸಿದ್ದು ಇದನ್ನೇ. ಅವರು ನೋಡಿದ್ದು ಸರ್ಕಾರಿ ಅನುದಾನ. ಅದು ಬಂದಾಗ ಖಾಸಗಿ ದೇಣಿಗೆಯಲ್ಲಿ ಅನುದಾನದ ಸುಮಾರು 75%ರಷ್ಟು ಇಳಿಕೆ ಕಂಡಿತು. ಕಾರಣ ಬಹುಪಾಲು ನಿಧಿ ಸಂಗ್ರಹದ ಖರ್ಚನ್ನು ಕಡಿತ ಮಾಡಿದ್ದು. ಹಾಗಾಗಿ ಅನುದಾನ ಬಂದ ವರ್ಷವೂ ಮನವಿ ಪತ್ರ, ಫೋನ್, ರಸೀದಿ ಜೊತೆ ಹೋಗುವ ಧನ್ಯವಾದ ಪತ್ರ, ಯಾವುದನ್ನೂ ಕಡಿಮೆ ಮಾಡಬೇಡಿ.

ಇನ್ನು ಹೇಳುವ ರೀತಿ. "ಅನುದಾನ ಬಂತು" ಅಂತ ಮಾತ್ರ ಬರೆದರೆ ಕೆಲಸ ಮುಗಿದ ಹಾಗೆ ಕೇಳಿಸುತ್ತದೆ. "ಗುರಿಯಲ್ಲಿ ಇಷ್ಟು ಭಾಗ ಕೈಗೆ ಬಂದಿದೆ, ಉಳಿದಿದ್ದು ಇಷ್ಟು, ಅದರಿಂದ ಆಗುವ ಕೆಲಸ ಇದು" ಅಂತ ಮೂರನ್ನೂ ಬರೆಯಿರಿ. ಅರ್ಥಶಾಸ್ತ್ರಜ್ಞರಾದ ಲಿಸ್ಟ್ ಮತ್ತು ಲಕಿಂಗ್-ರೈಲಿ 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮೊದಲೇ ಕೈಗೆ ಬಂದ ಮೊತ್ತವನ್ನು ಗುರಿಯ 10%ರಿಂದ 67%ಕ್ಕೆ ಏರಿಸಿ ಹೇಳಿದಾಗ ಒಟ್ಟು ದೇಣಿಗೆ ಸುಮಾರು ಆರು ಪಟ್ಟಾಯಿತು.

ಪ್ರಶ್ನೆ: "ನೀವು ಕೊಟ್ಟಷ್ಟೇ ಫೌಂಡೇಶನ್‌ನವರೂ ಸೇರಿಸುತ್ತಾರೆ" ಅಂತ ಮ್ಯಾಚಿಂಗ್ ಮಾಡಿದರೆ ಇನ್ನೂ ಒಳ್ಳೆಯದಲ್ವಾ ಸರ್?

ಉತ್ತರ (ಅದೇ ಸಲಹೆಗಾರರು): ಕೆಲಸ ಮಾಡುತ್ತದೆ, ಆದರೆ ಮಿತಿಯಿದೆ. ಕಾರ್ಲನ್ ಮತ್ತು ಲಿಸ್ಟ್ 2007ರಲ್ಲಿ ಕಂಡ ಹಾಗೆ, ಮ್ಯಾಚಿಂಗ್ ಇದ್ದ ಮನವಿ ಪತ್ರಗಳಿಂದ ಪತ್ರವೊಂದಕ್ಕೆ ಬಂದ ಹಣ 19% ಹೆಚ್ಚು. ದಾನಿಯ ಒಂದು ರೂಪಾಯಿಗೆ ಎರಡು, ಮೂರು ಸೇರಿಸುತ್ತೇವೆ ಅಂದ ಹಾಗಿನ ಮ್ಯಾಚಿಂಗ್ ಇದ್ದರೂ ಅದಕ್ಕಿಂತ ಏರಲಿಲ್ಲ. ಮ್ಯೂನಿಕ್‌ನ ಒಪೆರಾ ಸಂಸ್ಥೆಯ ಪ್ರಯೋಗದಲ್ಲಂತೂ (2011) 60,000 ಯೂರೋ ಕೊಟ್ಟ ದಾನಿಯಿದ್ದಾರೆ ಎಂದು ಸುಮ್ಮನೆ ತಿಳಿಸಿದಾಗ ಸರಾಸರಿ ದೇಣಿಗೆ 74ರಿಂದ 132 ಯೂರೋಗೆ ಹೋಯಿತು. ಅದೇ ಹಣವನ್ನು ಮ್ಯಾಚಿಂಗ್‌ಗೆ ಇಟ್ಟಾಗ ಜನ ತಮ್ಮ ಜೇಬಿನಿಂದ ಕೊಟ್ಟಿದ್ದು ಅದಕ್ಕಿಂತ ಕಡಿಮೆ. ನನ್ನ ಮೊದಲ ಆಯ್ಕೆ ಸುಮ್ಮನೆ ತಿಳಿಸುವುದೇ.

ಉತ್ತರ (ಲೆಕ್ಕಪರಿಶೋಧಕರು): ಒಂದು ಸೇರಿಸುತ್ತೇನೆ ಸರ್. ಯಾರೂ ಕೊಡದಿದ್ದರೂ ಬರುವ ಅನುದಾನವನ್ನು ಮ್ಯಾಚಿಂಗ್ ಅನ್ನುವುದು ದಾನಿಗೆ ಸುಳ್ಳು ಹೇಳಿದಂತೆ, ದಯವಿಟ್ಟು ಬೇಡ. ಒಪ್ಪಂದದಲ್ಲಿ ಮ್ಯಾಚಿಂಗ್ ಷರತ್ತು ಇದೆಯಾ ನೋಡಿ. ಫೌಂಡೇಶನ್ ಹೆಸರು ಬಳಸಲು ಅವರಿಂದ ಲಿಖಿತ ಅನುಮತಿ ಪಡೆಯಿರಿ. ಹೆಸರಾಂತ ಫೌಂಡೇಶನ್ ಪರಿಶೀಲಿಸಿ ಕೊಟ್ಟಿದೆ ಅನ್ನುವುದೇ ದಾನಿಗೆ ಭರವಸೆ. ಸಾಧ್ಯವಾದರೆ ಬಾಡಿಗೆ, ಸಂಬಳ, ಲೆಕ್ಕಪತ್ರದಂಥ ಆಡಳಿತ ವೆಚ್ಚಕ್ಕೆ ಈ ಹಣ ಬಳಸಲು ಫೌಂಡೇಶನ್ ಒಪ್ಪುತ್ತದಾ ಕೇಳಿ. ಆಗ "ನಿಮ್ಮ ದೇಣಿಗೆ ಪೂರ್ತಿ ಕೆಲಸಕ್ಕೇ" ಅನ್ನಬಹುದು. 2014ರಲ್ಲಿ ಪ್ರಕಟವಾದ ಗ್ನೀಜಿ ಮತ್ತು ಸಂಗಡಿಗರ ಪ್ರಯೋಗದಲ್ಲಿ ಮ್ಯಾಚಿಂಗ್‌ಗಿಂತಲೂ ಈ ಮಾತಿಗೇ ಹೆಚ್ಚು ಜನ ಕೊಟ್ಟರು. ಆದರೆ ಅನುದಾನ ಮುಗಿದ ದಿನದಿಂದ ಆ ವಾಕ್ಯ ಮನವಿ ಪತ್ರದಲ್ಲಿ ಇರಕೂಡದು. ಆಡಳಿತ ವೆಚ್ಚಕ್ಕೆ ಬೇರೆ ಮೂಲವನ್ನು ಎರಡನೇ ವರ್ಷದಲ್ಲೇ ಹುಡುಕಲು ಶುರು ಮಾಡಿ.