ಅಪ್‌ಡೇಟ್: ದಾವಣಗೆರೆಯ ನಮ್ಮ ಗಾಣದ ಅಂಗಡಿ ಈಗ ಹೇಗಿದೆ

ದಾವಣಗೆರೆಯಲ್ಲಿ ಶೇಂಗಾ ಎಣ್ಣೆಯ ಮರದ ಗಾಣ ಹಾಕಿದ್ದೇನೆ, ವ್ಯಾಪಾರ ಇದೆ, ಆದರೆ ಕೈಯಲ್ಲಿ ದುಡ್ಡು ನಿಲ್ಲುತ್ತಿಲ್ಲ, ಏನು ಮಾಡಲಿ ಅಂತ ಹಿಂದೆ ಕೇಳಿದ್ದೆ. ಸಲಹೆ ಕೊಟ್ಟ ಎಲ್ಲರಿಗೂ ಮನಸಾರೆ ಥ್ಯಾಂಕ್ಸ್. ಅಂಗಡಿ ನಡೆಯುತ್ತಿದೆ.

"ಮೊದಲು ಒಂದು ಲೀಟರಿನ ಲೆಕ್ಕ ಬರೆಯಿರಿ" ಅಂತ ಒಬ್ಬರು ಹೇಳಿದ್ದರು. ಬರೆದೆ. ಲೀಟರ್ ಎಣ್ಣೆಗೆ ಸುಮಾರು ಎರಡೂವರೆ ಕೆಜಿ ಬೀಜ ಬೇಕು. ಅದಕ್ಕೆ ಕರೆಂಟು, ಬಾಡಿಗೆ, ಬಾಟಲಿ ಸೇರಿಸಿದರೆ ಎಣ್ಣೆಯಲ್ಲಿ ಉಳಿಯುವುದು ತುಂಬಾ ಕಡಿಮೆ. ನಮ್ಮನ್ನು ಉಳಿಸಿದ್ದು ಹಿಂಡಿ! ಗಾಣದ ಹಿಂಡಿಯಲ್ಲಿ ಎಣ್ಣೆ ಅಂಶ ಜಾಸ್ತಿ ಉಳಿದಿರುತ್ತದೆ. ಅದಕ್ಕೇ ಎಮ್ಮೆ ಸಾಕಿದವರು ಹುಡುಕಿಕೊಂಡು ಬರುತ್ತಾರೆ. ಈಗ ಸುತ್ತಲಿನ ಹಳ್ಳಿಯವರಿಗೆ ನಾನೇ ನೇರವಾಗಿ ಕೊಡುತ್ತೇನೆ, ಅದೂ ನಗದಿಗೆ.

ಬೀಜ ಚಳ್ಳಕೆರೆ ಕಡೆಯಿಂದ ತರುತ್ತೇನೆ. ಅಗ್ಗ ಅಂತ ಹಸಿ ಬೀಜ ಮಾತ್ರ ತರಬೇಡಿ. ತೇವ ಇದ್ದರೆ ಬೂಷ್ಟು ಹಿಡಿಯುತ್ತದೆ. ಕೆಲವು ಬೂಷ್ಟಿನಿಂದ ಅಫ್ಲಾಟಾಕ್ಸಿನ್ ಅನ್ನುವ ವಿಷವೂ ಸೇರುತ್ತದೆ. ಜನ ನಮ್ಮನ್ನು ನಂಬಿ ಮಕ್ಕಳಿಗೆ ಅಡುಗೆ ಮಾಡುತ್ತಾರೆ, ಅಲ್ವಾ?

ಇನ್ನು ಉದ್ರಿ. ಒಂದು ಹೋಟೆಲಿನವರು ಬಾಕಿ ಕೊಡದೆ ಸತಾಯಿಸುತ್ತಿದ್ದರು. ನಿಮ್ಮ ಮಾತು ಕೇಳಿ ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರದ ನೋಂದಣಿ) ಮಾಡಿಸಿದೆ, ಅದು ಉಚಿತ. ನಮ್ಮಂಥ ನೋಂದಾಯಿತ ಸಣ್ಣ ತಯಾರಕರಿಗೆ, ಲಿಖಿತ ಒಪ್ಪಂದ ಇದ್ದರೂ 45 ದಿನ ಮೀರದಂತೆ ಹಣ ಕೊಡಬೇಕು ಅಂತ 2006ರ ಎಂಎಸ್‌ಎಂಇಡಿ ಕಾಯ್ದೆ (ಕಿರು, ಸಣ್ಣ, ಮಧ್ಯಮ ಉದ್ಯಮಗಳ ಕಾಯ್ದೆ) ಹೇಳುತ್ತದೆ. ತಡವಾದರೆ ಬಡ್ಡಿಯೂ ಇದೆ. ಇದನ್ನು ಬಿಲ್ಲಿನ ಮೇಲೇ ಅಚ್ಚು ಹಾಕಿಸಿದೆ. ಜಗಳ ಇಲ್ಲದೆ ಅರ್ಧ ಬಾಕಿ ಬಂತು.

ಕೊಬ್ಬರಿ ಎಣ್ಣೆ ಯಾವಾಗ ಅಂತ ಕೇಳಿದವರಿಗೆ: ಉಳಿದ ಬಾಕಿ ಬರುವವರೆಗೆ ಶೇಂಗಾ ಒಂದೇ.