ಸಹಾಯ ಬೇಕು: ಪೋರ್ಚುಗೀಸ್ ಪತ್ರದಲ್ಲಿ ಹಿರಿಯರನ್ನು ಸಂಬೋಧಿಸುವ ಬಗೆ

ಬಳಗದ ಎಲ್ಲರಿಗೂ ನಮಸ್ಕಾರ. ಸಂಶೋಧನೆಗಾಗಿ ಪೋರ್ಚುಗಲ್‌ನ ಕೊಯಿಂಬ್ರಾಕ್ಕೆ ಹೊರಟಿರುವ ನಾನು, ಅಲ್ಲಿನ ಪ್ರಾಧ್ಯಾಪಕಿಯೊಬ್ಬರಿಗೂ ನನಗೆ ಕೋಣೆ ಬಾಡಿಗೆಗೆ ಕೊಡಲಿರುವ ವಯಸ್ಸಾದ ಮಹಿಳೆಯೊಬ್ಬರಿಗೂ ಪೋರ್ಚುಗೀಸ್‌ನಲ್ಲೇ ಪತ್ರ ಬರೆಯಬೇಕಾಗಿದೆ. ಪ್ರಾಧ್ಯಾಪಕಿಯವರ ವಿಷಯ ಸುಲಭ. ‘ಸೆನ್ಯೋರಾ ಪ್ರೊಫೆಸೋರಾ ದೋತೋರಾ’ ಎಂಬ ರೂಢಿಯ ಒಕ್ಕಣೆ ಸಾಕು.

ತೊಡಕಿರುವುದು ಮನೆಯೊಡತಿಯವರ ಪತ್ರದಲ್ಲಿ. ಬ್ರೆಜಿಲ್‌ನಲ್ಲಿ ಎದುರಿನವರನ್ನು ಕರೆಯುವ ದಿನಬಳಕೆಯ ಮಾತಾಗಿರುವ ‘ವೊಸೆ’ಯನ್ನು (ನೀನು/ನೀವು) ಪೋರ್ಚುಗಲ್‌ನಲ್ಲಿ ಹಿರಿಯರ ಮುಂದೆ ಬಳಸಿದರೆ ಅನೇಕರಿಗೆ ಒರಟಾಗಿ ಕೇಳಿಸುತ್ತದೆ, ‘ತು’ (ನೀನು) ಎಂಬುದಂತೂ ಸಲುಗೆಯವರ ನಡುವಿನ ಮಾತು. ಆದ್ದರಿಂದ ‘ಅ ಸೆನ್ಯೋರಾ’ (ಅಕ್ಷರಶಃ ‘ಆ ಮಹಿಳೆ’, ಅಂದರೆ ‘ತಾವು’) ಎಂದು ಬರೆದು, ಕ್ರಿಯಾಪದವನ್ನು ಪ್ರಥಮ ಪುರುಷದಲ್ಲಿ, ಅಂದರೆ ‘ಅವಳು’ ಎಂಬುದಕ್ಕೆ ಹೊಂದುವ ರೂಪದಲ್ಲಿಡಲು ನಿರ್ಧರಿಸಿದ್ದೇನೆ. ಆದರೆ ಪ್ರತಿ ವಾಕ್ಯದಲ್ಲೂ ಅದನ್ನು ಹೇಳಬೇಕೇ, ಅಥವಾ ಒಮ್ಮೆ ಹೇಳಿದ ಮೇಲೆ ಬರಿಯ ‘ಪೋದೆ’ (ಸಾಧ್ಯವೇ) ಎಂಬ ಕ್ರಿಯಾಪದದಿಂದಲೇ ಕೋರಿಕೆ ಆರಂಭಿಸಿದರೂ ಮರ್ಯಾದೆ ಉಳಿಯುತ್ತದೆಯೇ?

ಇನ್ನೊಂದು ಸಂದೇಹವಿದೆ. ‘ದೋನಾ’ ಎಂಬ ಗೌರವಪದ ಕುಟುಂಬದ ಹೆಸರಿಗಲ್ಲ, ಸ್ವಂತ ಹೆಸರಿಗೆ ಹೊಂದುತ್ತದೆ. ಇನ್ನೂ ಮುಖ ನೋಡದ ಹಿರಿಯರಿಗೆ ‘ದೋನಾ’ ಒಂದೇ ಸಾಕೇ, ಅಥವಾ ‘ಸೆನ್ಯೋರಾ ದೋನಾ’ ಎಂದೇ ಬರೆಯುವುದು ಮೇಲೇ? ಅವರ ಮನೆಯಲ್ಲೇ ಇರಬೇಕಾದವನಾದ್ದರಿಂದ ಮೊದಲ ಪತ್ರದಲ್ಲೇ ಗೌರವ ಸರಿಯಾಗಿ ಮುಟ್ಟಬೇಕೆಂಬ ಆಸೆ ನನ್ನದು. ಪೋರ್ಚುಗಲ್‌ನಲ್ಲಿ ನೆಲೆಸಿರುವವರು ದಯವಿಟ್ಟು ತಿಳಿಸಿಕೊಡಬೇಕೆಂದು ವಿನಂತಿಸುತ್ತೇನೆ.