ಅಪ್‌ಡೇಟ್: ಅಣ್ಣನ ಬಿಡದ ಜ್ವರಕ್ಕೆ ಕಾರಣ ಸಿಕ್ಕಿದೆ

ಹಂದಿ ಸಾಕಣೆ ಕೇಂದ್ರದಲ್ಲಿ ಕೆಲಸ ಮಾಡುವ ನನ್ನ ಅಣ್ಣನಿಗೆ ವಾರಗಟ್ಟಲೆ ಬಿಟ್ಟುಬಿಟ್ಟು ಬರುತ್ತಿದ್ದ ಜ್ವರ, ರಾತ್ರಿಯ ಬೆವರು ಮತ್ತು ಏದುಸಿರಿಗೆ ಏನು ಕಾರಣವಿರಬಹುದು ಎಂದು ಹಿಂದೆ ಕೇಳಿದ್ದೆ. ಅಣ್ಣನ ಕೆಲಸವೇನೆಂದು ವೈದ್ಯರಿಗೆ ತಪ್ಪದೆ ತಿಳಿಸಿ, ಆ್ಯಂಟಿಬಯಾಟಿಕ್ ಶುರುವಾಗುವ ಮುನ್ನವೇ ರಕ್ತದ ಕಲ್ಚರ್ (ರಕ್ತದಲ್ಲಿರುವ ರೋಗಾಣುವನ್ನು ಬೆಳೆಸಿ ಗುರುತಿಸುವ ಪರೀಕ್ಷೆ) ಮಾಡಿಸಿ ಎಂದು ಸಲಹೆ ಕೊಟ್ಟವರಿಗೆ ನಾವೆಲ್ಲ ಋಣಿಗಳು.

ಕಲ್ಚರ್‌ನಲ್ಲಿ ಎರಿಸಿಪೆಲೋಥ್ರಿಕ್ಸ್ ರೂಸಿಯೋಪಥಿಯೆ ಎಂಬ ಬ್ಯಾಕ್ಟೀರಿಯಾ ಬೆಳೆಯಿತು. ಹಂದಿಗಳ ಟಾನ್ಸಿಲ್‌ಗಳಲ್ಲಿ ನೆಲೆಸಿರುವ ಇದು ಚರ್ಮದ ಸಣ್ಣ ಗಾಯದ ಮೂಲಕ ಮನುಷ್ಯನ ದೇಹವನ್ನು ಹೊಕ್ಕರೂ, ಸಾಮಾನ್ಯವಾಗಿ ಕೈಬೆರಳಿನ ಊತಕ್ಕಷ್ಟೇ ಸೀಮಿತವಾಗಿರುತ್ತದೆ. ಅಣ್ಣನ ತೋರುಬೆರಳಿನ ಗೆಣ್ಣಿನ ಸುತ್ತ ಚರ್ಮ ನೇರಳೆಗೆಂಪಾಗಿ ಊದಿ, ಅಂಚು ಉಬ್ಬಿ, ನಡುವೆ ಬಣ್ಣ ತಿಳಿಯಾಗಿತ್ತು. ಜ್ವರ ಕಾಣಿಸಿಕೊಳ್ಳುವ ಮುಂಚೆಯೇ ಅದು ತಾನಾಗಿ ಮಾಯವಾಗಿತ್ತು. ಎಕೋ ಪರೀಕ್ಷೆಯಲ್ಲಿ (ಹೃದಯದ ಅಲ್ಟ್ರಾಸೌಂಡ್) ಹೃದಯದ ಮಹಾಪಧಮನಿಯ ಕವಾಟದ ಮೇಲೆ ಸೋಂಕಿನ ಗಂಟು ಕಂಡಿತು. ಈ ಬ್ಯಾಕ್ಟೀರಿಯಾ ಹೃದಯವನ್ನು ತಲುಪಿದಾಗ ಹೆಚ್ಚಾಗಿ ಹಿಡಿಯುವುದೂ ಅದೇ ಕವಾಟವನ್ನು.

ಒಂದು ವಿಷಯವನ್ನು ಒತ್ತಿ ಹೇಳಲೇಬೇಕು. ಕವಾಟದ ಸೋಂಕಿನ ಶಂಕೆಯಿದ್ದಾಗ, ರೋಗಾಣು ಯಾವುದೆಂದು ತಿಳಿಯುವ ಮುನ್ನ ಹಲವೊಮ್ಮೆ ಕೊಡುವ ವ್ಯಾಂಕೊಮೈಸಿನ್ ಎಂಬ ಆ್ಯಂಟಿಬಯಾಟಿಕ್‌ಗೆ ಈ ಬ್ಯಾಕ್ಟೀರಿಯಾ ಸಹಜವಾಗಿಯೇ ಬಗ್ಗುವುದಿಲ್ಲ. ಆದರೆ ಹಳೆಯ ಪೆನಿಸಿಲಿನ್ ಇದರ ಮೇಲೆ ಚೆನ್ನಾಗಿ ಕೆಲಸ ಮಾಡುತ್ತದೆ. ಕೆಲಸದ ವಿವರ ಗೊತ್ತಿದ್ದುದರಿಂದ ವೈದ್ಯರು ಆರಂಭದಲ್ಲೇ ಇದನ್ನು ಶಂಕಿಸಿದ್ದರು, ವರದಿ ಬಂದೊಡನೆ ರಕ್ತನಾಳದ ಮೂಲಕ ಪೆನಿಸಿಲಿನ್ ಕೊಡತೊಡಗಿದರು. ಈ ಚಿಕಿತ್ಸೆ ಸಾಮಾನ್ಯವಾಗಿ 4ರಿಂದ 6 ವಾರ ನಡೆಯುತ್ತದೆ.

ಈಗ ಜ್ವರ ಇಳಿದಿದೆ. ಆದರೆ ಹಾನಿಗೊಂಡ ಕವಾಟದಿಂದ ರಕ್ತ ಹಿಂದಕ್ಕೆ ಸೋರುತ್ತಿರುವುದರಿಂದ, ಕವಾಟ ಬದಲಿಸಬೇಕೇ ಎಂಬುದನ್ನು ಮುಂದಿನ ಎಕೋ ನೋಡಿ ನಿರ್ಧರಿಸಲಿದ್ದಾರೆ. ಅಣ್ಣನ ಜೊತೆ ಕೆಲಸ ಮಾಡುವವರು ಈಗ ಗಟ್ಟಿ ಕೈಗವಸು ಧರಿಸುತ್ತಿದ್ದಾರೆ, ಗಾಯವಾದರೆ ತಕ್ಷಣ ಸೋಪಿನಿಂದ ತೊಳೆದು ಮುಚ್ಚುತ್ತಿದ್ದಾರೆ.